ಓದುಗರ ಪ್ರಶ್ನೆ: ಹನ್ನೆರಡು ಸಾವಿರ ಓದು, ಮುನ್ನೂರು ರೂಪಾಯಿ

ಪ್ರಶ್ನೆ: ನಮಸ್ತೆ ಅಕ್ಕ. ತೀರ್ಥಹಳ್ಳಿ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಎರಡು ವರ್ಷದಿಂದ ಅಡಿಕೆ, ಕಾಳುಮೆಣಸಿನ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದೇನೆ. ತಿಂಗಳಿಗೆ ಹನ್ನೆರಡು ಸಾವಿರ ಸಲ ಜನ ಪುಟ ತೆರೆಯುತ್ತಾರೆ. ಗೂಗಲ್ ಜಾಹೀರಾತಿನಿಂದ ಬರುವ ದುಡ್ಡು ಮುನ್ನೂರು ರೂಪಾಯಿ ಮುಟ್ಟುವುದಿಲ್ಲ. ಇಷ್ಟೇ ಓದುಗರಿರುವ ಅಮೆರಿಕದವರೊಬ್ಬರು ತಮಗೆ ತಿಂಗಳಿಗೆ ಇನ್ನೂರು ಡಾಲರ್ ಬರುತ್ತದೆ ಎಂದು ವಿಡಿಯೊದಲ್ಲಿ ಹೇಳುತ್ತಾರೆ. ನಾನೂ ಇಂಗ್ಲಿಷಿಗೆ ಹೋಗಬೇಕಾ? ಇನ್ನೊಂದು ವಿಷಯ. ಒಂದು ಔಷಧಿ ಕಂಪನಿಯವರು ತಮ್ಮ ಔಷಧಿ ಬಗ್ಗೆ ಬರೆದರೆ ಆರು ಸಾವಿರ ಕೊಡುತ್ತಾರಂತೆ. ಒಪ್ಪಿಕೊಳ್ಳಲಾ?
– ಹೆಸರು ಬೇಡ ಎಂದವರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಲೆಕ್ಕ ಅಮೆರಿಕದ್ದು, ಓದುಗರು ತೀರ್ಥಹಳ್ಳಿ, ಕೊಪ್ಪ, ಸುಳ್ಯದವರು. ತಾಳೆಯಾಗುವುದಾದರೂ ಹೇಗೆ? ಸಾಗರದ ಹತ್ತಿರ ಕೂತು ನಾನು ಬರೆಯಲು ಶುರು ಮಾಡಿದಾಗ ನನಗೂ ಇದೇ ಗೊಂದಲ ಇತ್ತು. ಮೊದಲ ನೂರು ಡಾಲರ್ ಕೂಡಲು ಹದಿನಾಲ್ಕು ತಿಂಗಳು ಹಿಡಿಯಿತು.

ನಿಮಗೆ ಮಂಡಿ ಗೊತ್ತು, ಅಲ್ವಾ? ರಾಶಿ ಅಡಿಕೆ ಇಟ್ಟಿರುತ್ತೀರಿ. ಕೊಳ್ಳುವವರು ಹತ್ತು ಜನ ಬಂದರೆ ರೇಟ್ ಏರುತ್ತದೆ. ಇಬ್ಬರೇ ಬಂದರೆ ಅವರು ಬರೆದಷ್ಟಕ್ಕೇ ಕೊಡಬೇಕು. ಮಾಲು ಮಾತ್ರ ಅದೇ. ನಿಮ್ಮ ಪುಟಕ್ಕೆ ಜಾಹೀರಾತು ತಂದು ಹಾಕುವ ಗೂಗಲ್ ಆ್ಯಡ್‌ಸೆನ್ಸ್ ನಡೆಯುವುದೂ ಹೀಗೆಯೇ. ಒಬ್ಬರು ನಿಮ್ಮ ಪುಟ ತೆರೆದ ಕ್ಷಣಕ್ಕೆ ಆ ಜಾಗಕ್ಕೊಂದು ಹರಾಜು ಆಗುತ್ತದೆ. ಅಮೆರಿಕದ ಓದುಗನಿಗಾಗಿ ವಿಮೆಯವರು, ಸಾಲ ಕೊಡುವವರು, ವಕೀಲರು ಎಲ್ಲ ಕೂಗುತ್ತಾರೆ. ಕೊಪ್ಪದ ಓದುಗನಿಗಾಗಿ ಆ ಹರಾಜಿನಲ್ಲಿ ಕೂಗುವವರು ಕಡಿಮೆ. ನಮ್ಮ ಭಾಷೆಗಳಿಗೆ ಆ ಮಂಡಿ ತೆರೆದದ್ದೂ ತಡವಾಗಿಯೇ. ಆ್ಯಡ್‌ಸೆನ್ಸ್ ಹಿಂದಿಗೆ ಬಂದದ್ದು 2014ರ ಕೊನೆಗೆ, ತಮಿಳಿಗೆ 2018ರಲ್ಲಿ.

ಇಂಗ್ಲಿಷಿಗೆ ಹೋಗಬೇಡಿ. ಅಡಿಕೆಯ ಕೊಳೆರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೆ ಅಮೆರಿಕದಲ್ಲಿ ಯಾರು ಹುಡುಕಿಕೊಂಡು ಬರುತ್ತಾರೆ? ಇರುವ ಓದುಗರೂ ಕೈಬಿಡುತ್ತಾರೆ.

ನಿಮ್ಮ ಓದುಗರು ಬಡವರು, ಅದಕ್ಕೇ ದುಡ್ಡಿಲ್ಲ ಎಂದು ಮಾತ್ರ ತಿಳಿಯಬೇಡಿ. ಅವರು ಮೇ ತಿಂಗಳಲ್ಲಿ ಮೈಲುತುತ್ತ, ಸುಣ್ಣ, ಸ್ಪ್ರೇಯರ್, ಪೈಪು ಕೊಳ್ಳುತ್ತಾರೆ. ಮಳೆ ಹಿಡಿಯುತ್ತಿದ್ದಂತೆ ಮೆಣಸಿನ ಬಳ್ಳಿ ಕೊಳ್ಳುತ್ತಾರೆ. ಅಡಿಕೆ ಗೊನೆ ತೆಗೆಯುವ ಕಾಲಕ್ಕೆ ಉದ್ದ ಕೋಲಿನ ದೋಟಿ, ಟಾರ್ಪಾಲು, ಸುಲಿಯುವ ಯಂತ್ರ ವಿಚಾರಿಸುತ್ತಾರೆ. ಇದನ್ನೆಲ್ಲ ಮಾರುವವನು ನಿಮ್ಮ ಪೇಟೆಯಲ್ಲೇ ಅಂಗಡಿ ಇಟ್ಟಿದ್ದಾನೆ. ಅವನಿಗೆ ಗೂಗಲ್ ಹರಾಜಿನ ಗೊಡವೆ ಇಲ್ಲ. ನೀವೇ ಹೋಗಿ ಕೇಳಬೇಕು.

ನನ್ನ ಮೊದಲ ಜಾಹೀರಾತು ಸಿಕ್ಕಿದ್ದು ಹೀಗೆ. ನಮ್ಮ ಕಡೆಯ ಒಬ್ಬರು ಪಣಿಯೂರು–1 ತಳಿಯ ಮೆಣಸಿನ ಬಳ್ಳಿ ಮಾಡುತ್ತಾರೆ. ಜೂನ್ ಒಂದು ತಿಂಗಳಿಗೆ ಸಾವಿರ ರೂಪಾಯಿ ಕೊಡಿ ಎಂದೆ. ಹನ್ನೆರಡು ಸಾವಿರ ಓದು, ಇಪ್ಪತ್ತು ಸಾವಿರ ಓದು ಎಂದರೆ ಅವರ ತಲೆಗೆ ಹೋಗಲಿಲ್ಲ. ಸರಿ, ನಿಮ್ಮದೊಂದು ಹಳೇ ಸಿಮ್ ಕೊಡಿ, ಆ ನಂಬರ್ ನನ್ನ ಪುಟದಲ್ಲಿ ಮಾತ್ರ ಹಾಕುತ್ತೇನೆ, ಬಂದ ಕರೆ ನೀವೇ ಎಣಿಸಿ ಎಂದೆ. ತಿಂಗಳು ಮುಗಿಯುವ ಹೊತ್ತಿಗೆ ಮೂವತ್ತೊಂದು ಕರೆ ಬಂದಿತ್ತು. ಮುಂದಿನ ವರ್ಷ ಅವರೇ ಮೇ ತಿಂಗಳಲ್ಲಿ ಫೋನ್ ಮಾಡಿದರು. ಗೂಗಲ್‌ನಿಂದ ಮೂರು ತಿಂಗಳಲ್ಲಿ ಬರುವ ದುಡ್ಡು ಹೀಗೆ ಒಬ್ಬ ಅಂಗಡಿಯವನಿಂದ ಬರುತ್ತದೆ. ವರ್ಷಕ್ಕೆ ಅಂಥ ಆರೇಳು ಜನ ಸಿಕ್ಕರೂ ಸಾಕು. ಕೇಳಲು ನಾಚಿಕೆ ಆಗುತ್ತದೆ, ಗೊತ್ತು. ನನಗೂ ಆಗಿತ್ತು. ಎರಡು ಅಂಗಡಿಯ ಮುಂದೆ ನಿಂತು ಸುಮ್ನೆ ವಾಪಸ್ ಬಂದಿದ್ದೇನೆ.

ಎರಡನೆಯದು, ಓದುಗರೇ ಕೊಡುವ ದುಡ್ಡು. ನಮ್ಮ ಜನ ಓದಿದ್ದಕ್ಕೆ ದುಡ್ಡು ಕೊಡುವುದಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾರ್ಡ್ ನಂಬರ್ ತುಂಬಿಸಿ ಐದುನೂರು ಕೊಡಿ ಎಂದರೆ ಕೊಡುವುದಿಲ್ಲ, ನಿಜ. ಆದರೆ 2016ರಲ್ಲಿ ಯುಪಿಐ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಇಂಟರ್ನೆಟ್ ಅಗ್ಗವಾಯಿತು. ಈಗ ಚಾ ಅಂಗಡಿಯಲ್ಲೂ ಕ್ಯೂಆರ್ ಇದೆ. ನಾನು ತೋಟದ ತಿಂಗಳ ಕೆಲಸಗಳದ್ದೊಂದು ಪುಸ್ತಿಕೆ ಮಾಡಿದೆ, ನಲವತ್ತು ಪುಟ, ರೋಗ ಬಂದ ಎಲೆ, ಕಾಯಿಯ ಫೋಟೊ ಸಮೇತ. ಬೆಲೆ ಅರವತ್ತು ರೂಪಾಯಿ. ಕ್ಯೂಆರ್‌ಗೆ ದುಡ್ಡು ಹಾಕಿ ವಾಟ್ಸಾಪ್‌ನಲ್ಲಿ ತಿಳಿಸಿದರೆ ಅಲ್ಲೇ ಪಿಡಿಎಫ್ ಕಳಿಸುತ್ತೇನೆ. ಮೊದಲ ಮಳೆಗಾಲದಲ್ಲೇ ಮುನ್ನೂರಕ್ಕೂ ಜಾಸ್ತಿ ಹೋಯಿತು. ಬ್ಲಾಗಿನಲ್ಲಿ ಪುಕ್ಕಟೆ ಇರುವ ವಿಷಯವೇ ಅದರಲ್ಲೂ ಇರುವುದು. ಕೊಳೆರೋಗಕ್ಕೆ ಹೊಡೆಯುವ ಒಂದು ಪರ್ಸೆಂಟ್ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎಂದು ಎಲ್ಲ ಕಡೆ ಸಿಗುತ್ತದೆ. ಅವರು ದುಡ್ಡು ಕೊಡುವುದು ಎಲ್ಲ ಒಂದೇ ಕಡೆ ಸಿಗಲಿ, ನೆಟ್‌ವರ್ಕ್ ಇಲ್ಲದ ತೋಟದಲ್ಲೂ ಫೋನಿನಲ್ಲಿ ತೆರೆಯಲಿ ಎಂದು.

ಬ್ಲಾಗಿನಲ್ಲಿ ಅಮೆಜಾನ್ ಲಿಂಕ್ ಹಾಕಿ, ಓದುಗರು ಅದರಿಂದ ಕೊಂಡಾಗ ಸಿಗುವ ಕಮಿಷನ್ ಅಷ್ಟು ನಂಬಬೇಡಿ. ಕತ್ತರಿಯೋ ಕೈಗವಸೋ ಹೋಗಬಹುದು. ಸ್ಪ್ರೇಯರ್ ಕೊಳ್ಳುವವನು ಎತ್ತಿ ನೋಡದೆ ಕೊಳ್ಳುವುದಿಲ್ಲ.

ಓದುಗರು ಹೆಚ್ಚಲು ಒಂದು ಮಾತು. ನೀವು ಕೊಳೆರೋಗ ಎಂದಷ್ಟೇ ಬರೆಯುತ್ತೀರಿ. ಘಟ್ಟದ ಕೆಳಗೆ ಅದನ್ನು ಮಹಾಳಿ ಎನ್ನುತ್ತಾರೆ. ಪುತ್ತೂರಿನವರು ಹುಡುಕುವುದು ಆ ಹೆಸರನ್ನೇ. ಎರಡೂ ಹೆಸರು ಶೀರ್ಷಿಕೆಯಲ್ಲಿ ಇರಲಿ. ಎಷ್ಟೋ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಹುಡುಕುತ್ತಾರೆ. ಹಾಗೆ ಬರೆದ ಹೆಸರೂ ಪುಟದಲ್ಲಿ ಒಂದು ಕಡೆ ಇರಲಿ. ಫೋಟೊಗಳನ್ನು ಕುಗ್ಗಿಸಿ ಹಾಕಿ. ಫೋನಿನಿಂದ ತೆಗೆದ ನಾಲ್ಕು ಎಂಬಿ ಫೋಟೊ ನೂರು ಕೆಬಿಗೆ ಇಳಿದರೂ ಎಲೆ ಮೇಲಿನ ಚುಕ್ಕಿ ಕಾಣುತ್ತದೆ. ಆಷಾಢದ ಮಳೆಯಲ್ಲಿ, ಕರೆಂಟ್ ಇಲ್ಲದ ಮನೆಯಲ್ಲಿ, ಒಂದೇ ಕಡ್ಡಿ ಸಿಗ್ನಲ್ ಹಿಡಿದುಕೊಂಡು ನಿಮ್ಮ ಪುಟ ತೆರೆಯುತ್ತಿರುವವರನ್ನು ನೆನಪಿಟ್ಟುಕೊಳ್ಳಿ.

ಆ್ಯಡ್‌ಸೆನ್ಸ್ ತೆಗೆಯಬೇಡಿ, ಇರಲಿ. ಹತ್ತು ಡಾಲರ್ ಆದಾಗ ವಿಳಾಸ ಖಚಿತ ಮಾಡಲು ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. ಪೋಸ್ಟ್‌ಮ್ಯಾನ್‌ಗೆ ಮೊದಲೇ ಹೇಳಿಡಿ. ನೂರು ಡಾಲರ್ ಕೂಡುವವರೆಗೆ ದುಡ್ಡು ಕಳಿಸುವುದಿಲ್ಲ. ಖಾತೆಯ ಹೆಸರು ಪಾಸ್‌ಬುಕ್ಕಿನಲ್ಲಿ ಇದ್ದ ಹಾಗೇ ಇರಬೇಕು. ನಿಮ್ಮ ಪುಟದ ಜಾಹೀರಾತನ್ನು ನೀವು ಒತ್ತಬೇಡಿ, ಮನೆಯವರಿಗೂ ಪ್ರೀತಿಯಿಂದ ಒತ್ತಬೇಡಿ ಎಂದು ಹೇಳಿ. ಅದಕ್ಕೇ ಖಾತೆ ಮುಚ್ಚಿಸಿಕೊಂಡವರಿದ್ದಾರೆ.

ಇನ್ನು ಆ ಆರು ಸಾವಿರ.

ಇದನ್ನು ಹೇಳಲು ನನಗೆ ಕಷ್ಟ. ಆದರೂ ಹೇಳುತ್ತೇನೆ. ಮೂರನೇ ವರ್ಷ ನನ್ನ ಹತ್ತಿರವೂ ಒಬ್ಬರು ಬಂದಿದ್ದರು. ಬೇರಿಗೆ ಹಾಕುವ ಔಷಧಿ, ಹಳದಿ ಎಲೆ ರೋಗ ವಾಸಿಯಾಗುತ್ತದೆ ಎಂದರು. ಎಂಟು ಸಾವಿರ ಕೊಟ್ಟರು. ಆ ವರ್ಷ ಮನೆಯಲ್ಲಿ ಖರ್ಚಿತ್ತು. ಅವರು ಕೊಟ್ಟ ಒಕ್ಕಣೆಯನ್ನೇ ನನ್ನ ಮಾತಿನ ಹಾಗೆ ಬರೆದು ಹಾಕಿದೆ. ಹಳದಿ ಎಲೆ ರೋಗಕ್ಕೆ ವಾಸಿ ಮಾಡುವ ಔಷಧಿ ಇಲ್ಲ. ಪೋಷಣೆ ಕೊಟ್ಟು ಮರವನ್ನು ಸ್ವಲ್ಪ ಕಾಲ ನಿಲ್ಲಿಸಿಕೊಳ್ಳಬಹುದು, ಅಷ್ಟೇ. ನನಗೆ ಅದು ಗೊತ್ತಿತ್ತು. ಏಳು ತಿಂಗಳ ಮೇಲೆ ಕೊಪ್ಪದ ಕಡೆಯ ಒಬ್ಬ ಹಿರಿಯರು ಫೋನ್ ಮಾಡಿದರು. ಮುನ್ನೂರು ಮರಕ್ಕೆ ಹಾಕಿದ್ದರು. ಬೈಯಲಿಲ್ಲ. "ನೀವು ಬರೆದಿದ್ದಿರಿ, ಅದಕ್ಕೆ ಹಾಕಿದೆ ತಂಗಿ, ಇನ್ನೊಂದು ಸಲ ಹಾಕಬೇಕಾ?" ಎಂದು ಕೇಳಿದರು. ಬೇಡ ಎಂದೆ, ಯಾಕೆ ಎಂದೂ ಹೇಳಿದೆ. ಆ ಲೇಖನ ತೆಗೆದು ಅದೇ ಜಾಗದಲ್ಲಿ ನಡೆದದ್ದನ್ನು ಬರೆದೆ. ಅವರ ಔಷಧಿಯ ದುಡ್ಡು ಕೊಡುತ್ತೇನೆ ಎಂದರೂ ತೆಗೆದುಕೊಳ್ಳಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಆರು ಸಾವಿರ ಬಿಡಿ. ಅಂಗಡಿಯ ಜಾಹೀರಾತಿಗೂ ಮೇಲೆ ದಪ್ಪಕ್ಷರದಲ್ಲಿ "ಜಾಹೀರಾತು" ಎಂದೇ ಬರೆಯಿರಿ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಮಾಡಿದ ನಿಯಮವೂ ಅದನ್ನೇ ಕೇಳುತ್ತದೆ.

ಪ್ರಶ್ನೆ: ನನ್ನ ಓದುಗರಲ್ಲಿ ದುಬೈ, ಮಸ್ಕತ್‌ನ ಕನ್ನಡಿಗರೂ ಇದ್ದಾರೆ. ಅವರಿಗಾಗಿ ಬೇರೆ ಬರೆದರೆ ಜಾಹೀರಾತಿನ ರೇಟ್ ಹೆಚ್ಚಾ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಓದುವವರು ಎಲ್ಲಿದ್ದಾರೆ ಎಂಬುದರ ಮೇಲೂ ರೇಟ್ ಬದಲಾಗುತ್ತದೆ. ಆದರೆ ಅದಕ್ಕಾಗಿ ಬೇರೆ ಬರೆಯುವುದು ಬೇಡ. ಅವರು ನಿಮ್ಮ ಹತ್ತಿರ ಬರುವುದು ಊರಿನ ಸುದ್ದಿಗೆ, ಊರಿನ ತೋಟಕ್ಕೆ. ನನ್ನ ಪುಸ್ತಿಕೆ ಕೊಂಡವರಲ್ಲಿ ಹಲವರು ಹೊರದೇಶದವರು. ಊರಿನಲ್ಲಿ ತೋಟ ನೋಡುವ ಅಪ್ಪನ ಫೋನಿಗೆ ಕಳಿಸಿ ಎನ್ನುತ್ತಾರೆ. ಅಪ್ಪನಿಗೆ ದೊಡ್ಡ ಅಕ್ಷರ ಬೇಕು ಎಂದು ಹೇಳಿದ್ದೂ ಅವರೇ. ಹಾಗೆ ಒಂದು ಪ್ರತಿ ಮಾಡಿಟ್ಟಿದ್ದೇನೆ.

ಪ್ರಶ್ನೆ: ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಕೃಷಿ ಬ್ಲಾಗಿನ ಆದಾಯಕ್ಕೂ ಇಲ್ಲ ತಾನೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇದೆ. ಅಡಿಕೆ ಮಾರಿದ್ದು ಕೃಷಿ ಆದಾಯ. ಅಡಿಕೆ ಬಗ್ಗೆ ಬರೆದು ಗಳಿಸಿದ್ದು ಅಲ್ಲ. ರಿಟರ್ನ್ಸ್‌ನಲ್ಲಿ ಬೇರೆಯಾಗಿ ತೋರಿಸಿ. ಜಿಎಸ್‌ಟಿ ನೋಂದಣಿಯ ಮಿತಿ ಇಂಥ ಸೇವೆಗೆ ವರ್ಷಕ್ಕೆ 20 ಲಕ್ಷ, ಆ ಚಿಂತೆ ಈಗಲೇ ಬೇಡ. ಡಾಲರ್ ಬಂದಾಗ ಏನಿದು ಎಂದು ಬ್ಯಾಂಕಿನವರು ಕೇಳಿದರೆ ಜಾಹೀರಾತಿನ ಆದಾಯ ಎಂದು ಬರೆದುಕೊಡಿ. ಅವರು ಕೊಡುವ ಕಾಗದವನ್ನು ಮಂಡಿಯ ಪಟ್ಟಿಗಳ ಜೊತೆ ಸೇರಿಸಬೇಡಿ, ಅದಕ್ಕೆ ಬೇರೆ ಫೈಲ್ ಮಾಡಿ.