ಬ್ಯಾಣದ ಹೂವಿನ ಬೀಜ ಅಂಗಳದಲ್ಲಿ ಹುಟ್ಟಬೇಕಾದರೆ

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಬ್ಯಾಣದ (ಹುಲ್ಲುಗಾವಲಿನ) ತುಂಬ ಕರ್ಣಕುಂಡಲ, ಬೇಲಿಯ ಮೇಲೆ ಶಂಖಪುಷ್ಪ, ಅಗ್ನಿಶಿಖೆ ಅರಳುತ್ತವೆ. ಹೋದ ವರ್ಷ ಬೀಜ ತಂದು ಡಬ್ಬಿಯಲ್ಲಿಟ್ಟು ಜೂನ್‌ನಲ್ಲಿ ಅಂಗಳದಲ್ಲಿ ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಕೆಲವಕ್ಕೆ ಡಬ್ಬಿಯಲ್ಲೇ ಬೂಸ್ಟು ಬಂದಿತ್ತು. ಏನು ಮಾಡಬೇಕು?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಬೂಸ್ಟು ಬಂದಿದೆ ಎಂದರೆ ಬೀಜ ಸರಿಯಾಗಿ ಒಣಗುವ ಮೊದಲೇ ಡಬ್ಬಿ ಸೇರಿದೆ. ಬಲಿಯದ ಕಾಯಿಯನ್ನೇ ಕೊಯ್ದಿರುವ ಸಾಧ್ಯತೆಯೂ ಇದೆ.

ಕರ್ಣಕುಂಡಲದಲ್ಲಿ ಹೀಗಾಗುವುದು ಸಹಜ. ಅದರ ಕಾಯಿ ಬಲಿತೊಡನೆ ಮುಟ್ಟಿದರೆ ಸಾಕು, ಸಿಡಿದು ಬೀಜ ಚೆಲ್ಲುತ್ತದೆ. ಅದಕ್ಕೆ ಹೆದರಿ ಹಸಿರಿದ್ದಾಗಲೇ ಕಿತ್ತರೆ ಒಳಗೆ ಬೀಜ ಬೆಳ್ಳಗೆ, ಎಳೆಯದಾಗಿರುತ್ತದೆ. ಕಾಯಿ ಉಬ್ಬಿ ಬಣ್ಣ ಮಾಸುವಾಗ ಹಳೆಯ ಸೀರೆಯ ತೆಳು ತುಂಡನ್ನು ಚೀಲದಂತೆ ಮಾಡಿ ಟೊಂಗೆಗೆ ಸಡಿಲವಾಗಿ ಕಟ್ಟಿಬಿಡಿ. ಸಿಡಿದ ಬೀಜ ಅದರಲ್ಲೇ ಉಳಿಯುತ್ತದೆ. ಕಂದು ಬಣ್ಣದ ಗಟ್ಟಿ ಬೀಜವನ್ನಷ್ಟೇ ಆರಿಸಿಕೊಳ್ಳಿ.

ಅಡಿಕೆಯಂತೆ ಸುಡುಬಿಸಿಲಿಗೆ ಹರವಬೇಡಿ. ಗೆರಸಿಯಲ್ಲಿ (ಮೊರದಲ್ಲಿ) ತೆಳುವಾಗಿ ಹರಡಿ, ಗಾಳಿಯಾಡುವ ನೆರಳಿನಲ್ಲಿ ಒಂದೆರಡು ವಾರ ಒಣಗಿಸಿ, ಹೊಟ್ಟು ಕೇರಿ ತೆಗೆಯಿರಿ. ನಂತರ ಕಾಗದದ ಪೊಟ್ಟಣದಲ್ಲಿ ಕಟ್ಟಿ, ತಳದಲ್ಲಿ ಒಣ ಇದ್ದಿಲು ಹಾಕಿದ ಬಾಟಲಿಯಲ್ಲಿಟ್ಟು ಮುಚ್ಚಳ ಬಿಗಿಯಿರಿ. ಪೊಟ್ಟಣದ ಮೇಲೆ ಹೂವಿನ ಹೆಸರು, ತಿಂಗಳು, ಜಾಗ ಬರೆದಿರಲಿ. ಕರಾವಳಿ ಕಡೆಯವರು, ಕಾರವಾರ, ಕುಮಟೆಯ ತೇವದ ಗಾಳಿಯಲ್ಲಿ, ಇದ್ದಿಲನ್ನು ಆಗಾಗ ಬದಲಿಸಬೇಕು.

ಶಂಖಪುಷ್ಪದ ಕಥೆ ಬೇರೆ. ಅದರ ಬೀಜದ ಸಿಪ್ಪೆ ನೀರನ್ನೇ ಒಳಗೆ ಬಿಡದಷ್ಟು ಗಟ್ಟಿ. ಕೋಡು ಒಣಗಿ ಕಂದಾದ ಮೇಲೆ, ಒಡೆಯುವ ಮೊದಲು ಕೊಯ್ಯಿರಿ. ಬಿತ್ತುವ ಹಿಂದಿನ ದಿನ ಪ್ರತಿ ಬೀಜವನ್ನೂ ಮರಳು ಕಾಗದಕ್ಕೆ ನಾಲ್ಕೈದು ಸಲ ಉಜ್ಜಿ, ರಾತ್ರಿ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದಿದ್ದವನ್ನು ಮತ್ತೆ ಉಜ್ಜಿ.

ಅಗ್ನಿಶಿಖೆಗೆ ತಾಳ್ಮೆ ಬೇಕು. ಬೀಜದಿಂದ ಹೂವಾಗಲು ಮೂರ್ನಾಲ್ಕು ವರ್ಷ ಹಿಡಿದೀತು. ಅದರ ಗೆಡ್ಡೆ, ಬೀಜ ಎರಡೂ ಕಡು ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ. ಮುಟ್ಟಿದ ಕೈ ತೊಳೆದುಕೊಳ್ಳಿ.

ಜೂನ್‌ನ ಜಡಿಮಳೆ ಸಣ್ಣ ಬೀಜಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಸೂರಿನ ಕೆಳಗೆ ಟ್ರೇಯಲ್ಲಿ ಮೊಳೆಸಿ, ನಾಲ್ಕೆಲೆ ಬಂದ ಮೇಲೆ ನೆಡುವುದು ಒಳ್ಳೆಯದು.

ನಿಮ್ಮ ಬ್ಯಾಣದಲ್ಲೂ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊಯ್ಯಬೇಡಿ. ಒಂದೇ ಗಿಡ ಬೋಳಿಸದೆ ಹಲವು ಗಿಡಗಳಿಂದ ತೆಗೆದುಕೊಳ್ಳಿ. ಅಭಯಾರಣ್ಯದೊಳಗೆ ಕೈ ಹಾಕಲೇಬೇಡಿ. ಮರದ ಮೇಲೆ ಬೆಳೆಯುವ ಆರ್ಕಿಡ್ ಆದ ಸೀತಾಳೆದಂಡೆಯ ಕಾಯಿಯನ್ನು ಅಲ್ಲೇ ಬಿಡಿ: ಅದರ ಧೂಳಿನಂಥ ಬೀಜ ಮೊಳೆಯಲು ಒಂದು ಬಗೆಯ ಶಿಲೀಂಧ್ರ ಬೇಕು, ಅಂಗಳದ ಮಣ್ಣಿನಲ್ಲಿ ಅದು ಆಗದ ಮಾತು.