ಕೈ ಕಚ್ಚುವ ಮರಿ, ಊಟ ಬಿಟ್ಟ ಹುಡುಗ

(ಮನೆಯವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

"ಟೀಚರೇ, ಎರಡು ದಿನದಿಂದ ಮಗ ಸರಿಯಾಗಿ ಉಣ್ಣುವುದಿಲ್ಲ" ಎನ್ನುತ್ತಲೇ ಅವರು ಕುರ್ಚಿಯಲ್ಲಿ ಕೂತರು. ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆ. ಗಂಡ ಗಲ್ಫಿನಲ್ಲಿ. ಮನೆಯಲ್ಲಿ ಮಾವ, ಏಳು ವರ್ಷದ ಮಗ, ತಿಂಗಳ ಹಿಂದೆ ಬಂದ ಒಂದು ನಾಯಿಮರಿ. ಮರಿ ಎಲ್ಲರ ಕೈಕಾಲಿಗೂ ಬಾಯಿ ಹಾಕುತ್ತದೆ. ಮಾವ "ನಾಳೆ ಪೇಟೆಯಲ್ಲಿ ಬಿಟ್ಟು ಬರ್ತೇನೆ" ಎಂದಿದ್ದಾರೆ. ಅದನ್ನು ಕೇಳಿ ಹುಡುಗ ಬಟ್ಟಲು ದೂಡಿದ್ದಾನೆ.

ಮಾತಾಡುವಾಗ ಸೆರಗಿನೊಳಗಿದ್ದ ಅವರ ಬಲಗೈ ಹೊರಗೆ ಬಂತು. ಹೆಬ್ಬೆರಳ ಬುಡದಲ್ಲಿ ಸೂಜಿ ಚುಚ್ಚಿದಂಥ ಎರಡು ಗಾಯ, ಮೇಲೆ ಒಣಗಿದ ಅರಿಶಿನ.

"ರಕ್ತ ಬಂದಿತ್ತಾ?"

"ನಿನ್ನೆ ಸ್ವಲ್ಪ ಬಂತು. ಇಷ್ಟು ಸಣ್ಣ ಮರಿಗೆ ಎಂತ ಹುಚ್ಚು ಟೀಚರೇ?"

ಹುಡುಗನ ಊಟದ ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ಮರಿಗೂ ರೇಬಿಸ್ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುಳಿಯುವುದು ಇಲ್ಲವೆಂಬಷ್ಟು ಅಪರೂಪ. ಹಲ್ಲು ತಾಗಿದ ಕೂಡಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ ಏನೂ ಬೇಡ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ (ರೋಗಾಣುವನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯ) ಕೂಡ ಬೇಕು. ಚರ್ಮದೊಳಗೆ ಕೊಡುವ ಲಸಿಕೆಗೆ 0, 3, 7, 28ನೇ ದಿನ ಹೋಗಬೇಕು; 0 ಎಂದರೆ ಮೊದಲ ಚುಚ್ಚುಮದ್ದಿನ ದಿನ. ಅವರನ್ನು ಆಗಲೇ ಆಸ್ಪತ್ರೆಗೆ ಕಳಿಸಿದೆ. ಉಳಿದ ಮಾತು ಎರಡನೇ ಚುಚ್ಚುಮದ್ದು ಆದ ಮೇಲೆ ನಡೆಯಿತು. ಆ ಸಲ ಮಾವನೂ ಬಂದಿದ್ದರು.

ಅಂಗಡಿಯ ಹಿಂದೆ ನಾಯಿ ಹಾಕಿದ ಮರಿಯಂತೆ. ಮನೆಗೆ ತರುವಾಗ ಅದಕ್ಕೆ ಐದೇ ವಾರ. ಕಾರಣ ಅರ್ಧ ಅಲ್ಲಿಯೇ ಇತ್ತು. ಒಡಹುಟ್ಟಿದ ಮರಿಗಳ ಜೊತೆ ಆಡುವಾಗ ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಡುತ್ತದೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬ ಅಳತೆ ಮರಿಗೆ ಸಿಗುವುದು ಹಾಗೆ. ಎಂಟು ವಾರದವರೆಗಾದರೂ ತಾಯಿಯ ಹತ್ತಿರ ಬಿಡಬೇಕು ಎನ್ನುವುದು ಇದಕ್ಕೇ. ಈ ಮರಿಗೆ ಆ ಪಾಠ ಆಗಿಲ್ಲ. ಬಾಯಲ್ಲಿ 28 ಹಾಲುಹಲ್ಲು, ಒಂದೊಂದೂ ಮುಳ್ಳಿನಷ್ಟು ಚೂಪು.

"ಜಾಸ್ತಿ ಕಚ್ಚುವುದು ಯಾವ ಹೊತ್ತಿಗೆ?" ಎಂದೆ.

"ಸಂಜೆ, ದೀಪ ಹಚ್ಚುವ ಹೊತ್ತಿಗೆ. ಇವ ಅಂಗಳದಲ್ಲಿ ಓಡ್ತಾನೆ, ಅದು ಹಿಂದಿನಿಂದ ಹೋಗಿ ಮೀನಖಂಡ ಹಿಡೀತದೆ. ಮಾವನ ಮುಂಡಿನ ಅಂಚನ್ನೂ ಬಿಡುವುದಿಲ್ಲ."

ಹಗಲಿಡೀ ಅಂಗಳದಲ್ಲಿ ಅಡಿಕೆ ಕೆಲಸ, ಜನ, ಗದ್ದಲ. ಮರಿ ಮಲಗುವುದೇ ಇಲ್ಲ. ಈ ಪ್ರಾಯದ ಮರಿಗೆ ದಿನಕ್ಕೆ 18 ಗಂಟೆಯಾದರೂ ನಿದ್ದೆ ಬೇಕು. ನಿದ್ದೆ ಕೆಟ್ಟ ಮಗು ಸಂಜೆ ಹಟ ಮಾಡುವ ಹಾಗೆಯೇ ಇದು. ಚಾವಡಿಯ ಮೂಲೆಯಲ್ಲಿ ಗೋಣಿ ಹಾಸಿ, ಮಧ್ಯಾಹ್ನವೂ ಮುಸ್ಸಂಜೆಗೆ ಮೊದಲೂ ಅಲ್ಲಿ ಮಲಗಿಸಲು ಹೇಳಿದೆ. ಅಂಗಳದ ಅಡಿಕೆ ಅದರ ಬಾಯಿಗೆ ಸಿಗಬಾರದು ಎಂದೂ ಸೇರಿಸಿದೆ. ಅಡಿಕೆ ನಾಯಿಗೆ ವಿಷ.

ಮಾವ ಅಷ್ಟು ಹೊತ್ತು ಸುಮ್ಮನಿದ್ದವರು, "ನಮ್ಮ ಕಾಲದಲ್ಲಿ ಮೂಗಿಗೆ ಒಂದು ಕೊಟ್ರೆ ಆಯ್ತು" ಎಂದರು.

"ನೀವು ಕೊಟ್ಟ ಮೇಲೆ ಕಡಿಮೆ ಆಯ್ತಾ ಮಾವ?" ಸೊಸೆಯೇ ಕೇಳಿದರು. ಅವರು ಉತ್ತರ ಕೊಡಲಿಲ್ಲ.

ಪೆಟ್ಟು ತಿಂದ ಮರಿಗೆ ಕೈ ಕಂಡರೆ ಭಯ. ಭಯದಿಂದ ಕಚ್ಚಲು ಕಲಿತ ನಾಯಿ ದೊಡ್ಡದಾದ ಮೇಲೆ ಆಟಕ್ಕೆ ಕಚ್ಚುವುದಿಲ್ಲ, ನಿಜವಾಗಿ ಕಚ್ಚುತ್ತದೆ. ಬಾಯಿ ಒತ್ತಿ ಹಿಡಿಯುವುದು, ಕೈಗೆ ಮೆಣಸು ಹಚ್ಚಿಕೊಳ್ಳುವುದು, ದಿನವಿಡೀ ಕಟ್ಟಿಹಾಕುವುದು, ಇವೂ ಬೇಡವೆಂದೆ. ಅವರಿಗೆ ನಾನು ಒತ್ತಿ ಹೇಳಿದ್ದು ಒಂದೇ: ಮೂವರೂ ಒಂದೇ ರೀತಿ ನಡೆದುಕೊಳ್ಳಬೇಕು. ಆ ಮನೆಯಲ್ಲಿ ಅಮ್ಮ ಬೈಯುತ್ತಿದ್ದರು, ಅಜ್ಜ ಹೊಡೆಯುತ್ತಿದ್ದರು, ಹುಡುಗ ಬೆರಳು ಅಲ್ಲಾಡಿಸಿ ಆಡಿಸುತ್ತಿದ್ದ. ಮರಿ ಯಾವುದನ್ನು ನಂಬಬೇಕು?

ಹಲ್ಲು ತಾಗಿದರೆ ಕೈ ಎಳೆದುಕೊಳ್ಳಬಾರದು. ಎಳೆದರೆ ಬೇಟೆಯ ಆಟವಾಗುತ್ತದೆ, ಚರ್ಮವೂ ಹರಿಯುತ್ತದೆ. ಕೈ ಅಲ್ಲಾಡಿಸದೆ, ಇನ್ನೊಂದು ಕೈಯಿಂದ ಅಗಿಯಲು ಏನಾದರೂ ಕೊಡಬೇಕು. ಹಳೆಯ ಬೈರಾಸನ್ನು (ಟವೆಲನ್ನು) ಒದ್ದೆಮಾಡಿ ಗಂಟುಹಾಕಿ ಫ್ರೀಜರಿನಲ್ಲಿಟ್ಟರೆ ಒಸಡಿಗೆ ತಂಪು. ಅದು ಅಗಿಯುವಾಗ ಒಬ್ಬರು ಹತ್ತಿರ ಇರಬೇಕು. ಮತ್ತೂ ಕೈಗೇ ಬಂದರೆ ಮಾತಿಲ್ಲದೆ ಎದ್ದು ಬಾಗಿಲಾಚೆ ಹೋಗಿ, ಅರ್ಧ ನಿಮಿಷ ಬಿಟ್ಟು ಬರಬೇಕು. ಓಡುವ ಆಟ ಸದ್ಯಕ್ಕೆ ಬಂದ್. ಊಟದ ಬಟ್ಟಲಿನ ಹತ್ತಿರ ಮೈ ಸೆಟೆದು, ದಿಟ್ಟಿಸಿ ಗುರುಗುಟ್ಟಿದರೆ ಅದು ಆಟವಲ್ಲ, ಪಶುವೈದ್ಯರಿಗೆ ತೋರಿಸಿ ಎಂದೆ.

ಮುಂದಿನ ವಾರ ಹುಡುಗನೂ ಬಂದ. ಅವನಿಗೆ ಒಂದು ಕೆಲಸ ವಹಿಸಿದೆ. ಅಮ್ಮನ ಎದುರಿಗೆ, ಮುಷ್ಟಿಯಲ್ಲಿ ಬೇಯಿಸಿದ ಮೊಟ್ಟೆಯ ಚೂರು ಹಿಡಿದು ಮರಿಯ ಮುಂದೆ ಒಡ್ಡಬೇಕು. ಮೂಸಲಿ, ನೆಕ್ಕಲಿ, ಹಲ್ಲು ಹಾಕಲಿ, ಮುಷ್ಟಿ ಬಿಡಬಾರದು. ಅದು ಮುಖ ಹಿಂದೆ ತೆಗೆದ ಕ್ಷಣ "ಹಾಂ" ಎಂದು ಕೈ ಬಿಚ್ಚಬೇಕು. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಮರಿಯನ್ನು ಪೇಟೆಗೆ ಬಿಡುವ ಮಾತನ್ನು ಅವನ ಎದುರು ಆಡುವುದಿಲ್ಲ ಎಂದು ಅಜ್ಜನಿಂದ ಮಾತು ತೆಗೆದುಕೊಂಡೆ. ಆ ರಾತ್ರಿ ಹುಡುಗ ಉಂಡನಂತೆ.

ಆರು ವಾರ ಕಳೆದು ಮತ್ತೆ ಬಂದರು. ಈಗಲೂ ಬಾಯಿ ಹಾಕುತ್ತದೆ, ಆದರೆ ಒತ್ತುವುದಿಲ್ಲ. ಹೊಸ ಹಲ್ಲು ಬಂದು ಮುಗಿಯುವಾಗ ಆರೇಳು ತಿಂಗಳಾಗುತ್ತದೆ, ನಡುವೆ ಸ್ವಲ್ಪ ಜಾಸ್ತಿಯಾದರೂ ಗಾಬರಿ ಬೇಡ ಎಂದೆ. ಮೂರು ತಿಂಗಳಿಗೆ ಹಾಕಿಸಿದ ರೇಬಿಸ್ ಲಸಿಕೆಯ ಕಾರ್ಡನ್ನು ಅಜ್ಜ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಹುಡುಗ ಬೆಂಕಿಪೆಟ್ಟಿಗೆ ಬಿಚ್ಚಿದ. ಒಳಗೆ ಅಕ್ಕಿಕಾಳಿನಷ್ಟು ದೊಡ್ಡ ಹಾಲುಹಲ್ಲು. ಮುಂದಿನ ಎರಡು ಹಲ್ಲಿಲ್ಲದ ತನ್ನ ಬಾಯಿ ತೆರೆದು ತೋರಿಸಿ, "ಇದನ್ನೂ ಹೆಂಚಿನ ಮೇಲೆ ಬಿಸಾಡಬೇಕಾ ಟೀಚರ್?" ಎಂದು ಕೇಳಿದ.