ಹಸಿರು ಉದ್ಯೋಗಕ್ಕೆ ಮಕ್ಕಳನ್ನು ಹೇಗೆ ಸಿದ್ಧ ಮಾಡೋಣ?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಪರಿಸರಕ್ಕೆ ಸಂಬಂಧಪಟ್ಟ ಕೆಲಸವನ್ನೇ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಹೆಸರಲ್ಲೇ ‘ಹಸಿರು’, ‘ಸುಸ್ಥಿರ’ ಅಂತಿರುವ ಕೋರ್ಸುಗಳು ಈಗ ಬೇಕಾದಷ್ಟಿವೆ. ಸೇರಿಸಬಹುದಾ? ಮುಂದೆ ಕೆಲಸ ಸಿಗುತ್ತಾ?

ಉತ್ತರ: ಕೆಲಸ ಇದೆ ಮೇಡಂ, ಆ ಭಯ ಬೇಡ. 2023ರಲ್ಲಿ ನವೀಕರಿಸಬಹುದಾದ ಇಂಧನ ಕ್ಷೇತ್ರವೊಂದರಲ್ಲೇ ಜಗತ್ತಿನಾದ್ಯಂತ ಸುಮಾರು 1.62 ಕೋಟಿ ಜನ ದುಡಿಯುತ್ತಿದ್ದರು, ಅದರಲ್ಲಿ 70 ಲಕ್ಷಕ್ಕೂ ಹೆಚ್ಚು ಮಂದಿ ಸೋಲಾರ್‌ನಲ್ಲಿ. ಇದು ಅಂತಾರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ, ಅಂದರೆ ಐರೆನಾ ಕೊಟ್ಟ ಲೆಕ್ಕ. ನೀರು, ಮಣ್ಣು, ಕಟ್ಟಡ, ಕಸದ ಮರುಬಳಕೆ ಇವೆಲ್ಲ ಬೇರೆ.

ಆದರೆ ಕೋರ್ಸಿನ ಹೆಸರು ನೋಡಿ ಸೇರಿಸಬೇಡಿ. ಮೊದಲು ಒಂದು ಗಟ್ಟಿ ವಿದ್ಯೆ ಕೈಗೆ ಬರಲಿ. ಹಸಿರು ಅನ್ನೋದು ಅದರ ಮೇಲೆ ಬರುತ್ತೆ. ಹಳೇ ಬ್ಯಾಟರಿಯಿಂದ ಲಿಥಿಯಂ, ಕೋಬಾಲ್ಟ್, ನಿಕ್ಕಲ್ ಬೇರ್ಪಡಿಸೋಕೆ ಬೇಕಾಗಿರೋದು ಕೆಮಿಸ್ಟ್ರಿ. ಸಿಮೆಂಟ್ ಕಡಿಮೆ ಬಳಸಿ ಗಟ್ಟಿ ಕಟ್ಟಡ ಕಟ್ಟೋಕೆ ಸಿವಿಲ್ ಎಂಜಿನಿಯರ್ ಬೇಕು. ಕಂಪನಿಯೊಂದು ಎಷ್ಟು ಕಾರ್ಬನ್ ಹೊರಬಿಡುತ್ತೆ ಅಂತ ಲೆಕ್ಕ ಹಾಕಬೇಕಾದರೆ, ಅದರಲ್ಲೂ ಅದಕ್ಕೆ ಸಾಮಾನು ಪೂರೈಸುವವರದ್ದನ್ನೂ ಸೇರಿಸಬೇಕಾದರೆ, ಬಿಲ್ಲು ಬಿಲ್ಲು ಹಿಡಿದು ಕೂರುವ ಅಕೌಂಟೆಂಟ್‌ನ ತಾಳ್ಮೆಯೇ ಬೇಕು.

ಸೋಲಾರ್‌ನದ್ದೇ ಒಂದು ಉದಾಹರಣೆ ನೋಡಿ. ಪ್ಯಾನೆಲ್‌ಗಳನ್ನು ಸಾಮಾನ್ಯವಾಗಿ ಸರಣಿಯಲ್ಲಿ, ಒಂದರ ಬಾಲಕ್ಕೆ ಇನ್ನೊಂದರಂತೆ ಜೋಡಿಸಿರುತ್ತಾರೆ. ಕಂಬದ ನೆರಳು ಒಂದು ಪ್ಯಾನೆಲ್‌ನ ಒಂದು ಮೂಲೆಗೆ ಬಿದ್ದರೂ ಇಡೀ ಸಾಲಿನ ಉತ್ಪಾದನೆಗೆ ಪೆಟ್ಟು ಬೀಳಬಹುದು. ವಿದ್ಯುತ್ತಿನ ಮೂಲಪಾಠ ಗೊತ್ತಿರುವವರು ಬಂದರೆ ಮೊದಲು ನೆರಳು ನೋಡುತ್ತಾರೆ, ಆಮೇಲೆ ಒಂದೊಂದೇ ಸಾಲಿನ ವೋಲ್ಟೇಜು, ಕರೆಂಟು ಅಳೆಯುತ್ತಾರೆ. ಬರೀ ಜೋಡಿಸೋದನ್ನಷ್ಟೇ ಕಲಿತವರು ಚೆನ್ನಾಗಿರೋ ಪ್ಯಾನೆಲನ್ನೇ ಬದಲಾಯಿಸಿ ಹೋಗುತ್ತಾರೆ. ಇನ್ನೊಂದು ಮಾತು, ಇದು ಜೀವದ ಪ್ರಶ್ನೆ: ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಬದಲಾಯಿಸೋ ಇನ್ವರ್ಟರನ್ನು ಆಫ್ ಮಾಡಿದರೂ ಬೆಳಕಿರೋವರೆಗೆ ಪ್ಯಾನೆಲ್ ವೋಲ್ಟೇಜ್ ಕೊಡ್ತಾನೇ ಇರುತ್ತೆ. ಇದನ್ನು ಸರಿಯಾಗಿ ಕಲಿಸದೆ ಹುಡುಗರನ್ನು ಛಾವಣಿ ಹತ್ತಿಸುವ ಕೋರ್ಸುಗಳನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ.

ಹಾಗಾಗಿ ಯಾವುದೇ ಸಂಸ್ಥೆಗೆ ಹೋದರೂ ನೇರವಾಗಿ ಕೇಳಿ. ವಾರಕ್ಕೆ ಎಷ್ಟು ಗಂಟೆ ಉಪಕರಣ ಹಿಡಿದು ಕೆಲಸ ಮಾಡಿಸ್ತೀರಿ? ಕಲಿಸುವವರು ಆ ಕೆಲಸ ಮಾಡಿದವರಾ? ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ, ಅವರಲ್ಲಿ ಇಬ್ಬರ ಜೊತೆ ಮಾತಾಡಬಹುದಾ? ಉತ್ತರ ಹಾರಿಕೆಯದ್ದಾದರೆ ವಾಪಸ್ ಬನ್ನಿ.

ಮಗಳ ಹತ್ತಿರ ಕೂತು ಇದನ್ನೂ ಕೇಳಿ: ಪರಿಸರದಲ್ಲಿ ಅವಳನ್ನು ಹೆಚ್ಚು ಕಾಡೋದು ಯಾವುದು? ನೀರಾ, ಕಸವಾ, ಗಾಳಿಯಾ? ಹೊರಗಡೆ ಓಡಾಡೋ ಕೆಲಸ ಇಷ್ಟವಾ, ಲ್ಯಾಬು ಇಷ್ಟವಾ? ಈ ಉತ್ತರ ಸಿಕ್ಕರೆ ಕೋರ್ಸ್ ಆರಿಸೋದು ಅರ್ಧ ಮುಗಿದ ಹಾಗೆ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕ. ವರ್ಷಕ್ಕೊಮ್ಮೆ ಗಿಡ ನೆಡಿಸ್ತೀವಿ, ಭಿತ್ತಿಚಿತ್ರ ಮಾಡಿಸ್ತೀವಿ. ಅದರಾಚೆಗೆ, ಹಣ ಖರ್ಚಿಲ್ಲದೆ, ಮಕ್ಕಳನ್ನು ಈ ಉದ್ಯೋಗಗಳಿಗೆ ತಯಾರು ಮಾಡೋದು ಸಾಧ್ಯವಾ?

ಉತ್ತರ: ಖಂಡಿತ ಸಾಧ್ಯ ಸರ್. ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಬೇಕಾಗಿರೋದು ಅಳೆಯುವ ಅಭ್ಯಾಸ. ಅದಕ್ಕೆ ನಿಮ್ಮ ಶಾಲೆಯ ಕರೆಂಟ್ ಮೀಟರ್ ಸಾಕು.

ಹೀಗೆ ಮಾಡಿ. ಸಂಜೆ ಬೀಗ ಹಾಕುವ ಹೊತ್ತಿಗೆ ಇಬ್ಬರು ಮಕ್ಕಳು ಮೀಟರ್ ನೋಡಿ ಬರೆದುಕೊಳ್ಳಲಿ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಮತ್ತೆ ಬರೆಯಲಿ. ಯಾರೂ ಇಲ್ಲದ ರಾತ್ರಿಯಲ್ಲಿ ಎಷ್ಟು ಯೂನಿಟ್ ಓಡಿದೆ? ಒಂದು ವಾರ ಬರೆದರೆ ಮಕ್ಕಳು ತಾವಾಗಿಯೇ ಕೇಳೋಕೆ ಶುರು ಮಾಡ್ತಾರೆ, ‘ಸರ್, ಯಾರೂ ಇಲ್ಲದಿದ್ದರೂ ಇದನ್ನು ತಿನ್ತಿರೋದು ಯಾವುದು?’ ಅಂತ. ಆಗ ಹುಡುಕೋಕೆ ಬಿಡಿ. ನೀರು ತಂಪು ಮಾಡುವ ಯಂತ್ರ ಇರಬಹುದು, ಆಫ್ ಮಾಡದೆ ಬಿಟ್ಟ ಕಂಪ್ಯೂಟರ್ ಇರಬಹುದು, ಹಿಂದಿನ ಕಾರಿಡಾರಿನ ದೀಪ ಇರಬಹುದು. ಸಿಕ್ಕಿದ್ದನ್ನು ಆಫ್ ಮಾಡಿ ಇನ್ನೊಂದು ವಾರ ಅಳೆಯಲಿ. ಸ್ವಿಚ್ ಬೋರ್ಡಿನ ಒಳಗೆ ಮಾತ್ರ ಮಕ್ಕಳು ಕೈ ಹಾಕಬಾರದು, ಅದು ಎಲೆಕ್ಟ್ರಿಷಿಯನ್ ಕೆಲಸ.

ಆಮೇಲೆ ದೀಪಗಳ ಲೆಕ್ಕ. ಹಳೇ 40 ವಾಟಿನ ಟ್ಯೂಬ್‌ಲೈಟ್ ತನ್ನ ಚೋಕ್ ಸೇರಿ ಸುಮಾರು 50 ವಾಟ್ ಎಳೆಯುತ್ತೆ. ಅದರ ಜಾಗಕ್ಕೆ 20 ವಾಟಿನ ಎಲ್‌ಇಡಿ ಸಾಕು. ಅಂಥ 30 ದೀಪ ದಿನಕ್ಕೆ 6 ಗಂಟೆ ಉರಿದರೆ ಉಳಿತಾಯ 5.4 ಯೂನಿಟ್. ಇದನ್ನು ಮಕ್ಕಳೇ ಗುಣಿಸಲಿ. ಹೊಸ ದೀಪಕ್ಕೆ ಹಾಕಿದ ದುಡ್ಡು ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತೆ ಅಂತಲೂ ಲೆಕ್ಕ ಮಾಡಲಿ. ಕೊನೆಗೆ ಒಂದೇ ಪುಟದ ವರದಿ ಬರೆದು, ಮುಖ್ಯೋಪಾಧ್ಯಾಯರ ಮುಂದೆ ನಿಂತು ವಿವರಿಸಲಿ. ಅವರು ಕಷ್ಟದ ಪ್ರಶ್ನೆ ಕೇಳಲಿ, ಸುಮ್ನೆ ಚಪ್ಪಾಳೆ ತಟ್ಟಿ ಕಳಿಸೋದು ಬೇಡ.

ಎನರ್ಜಿ ಆಡಿಟರ್ ಅನ್ನುವವರು ಕಾರ್ಖಾನೆಗೆ ಹೋಗಿ ಮಾಡೋದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ? ಮೊದಲು ಅಳತೆ, ಆಮೇಲೆ ಪತ್ತೆ, ಆಮೇಲೆ ಬದಲಾವಣೆ, ಮತ್ತೆ ಅಳತೆ. ಗಿಡ ನೆಡೋದನ್ನು ಬಿಡಿ ಅಂತ ನಾನು ಹೇಳ್ತಿಲ್ಲ. ನೆಟ್ಟ ಗಿಡಗಳಲ್ಲಿ ವರ್ಷದ ನಂತರ ಎಷ್ಟು ಉಳಿದಿವೆ, ಉಳಿಯದವು ಯಾಕೆ ಸತ್ತವು ಅಂತ ಬರೆದಿಡಿಸಿ. ಎಷ್ಟೋ ಶಾಲೆಗಳಲ್ಲಿ ಈ ಭಾಗವೇ ಇರಲ್ಲ, ಕಲಿಯೋಕೆ ಇರೋದೇ ಅಲ್ಲಿ.

ಪ್ರಶ್ನೆ: ನನಗೆ 22 ವರ್ಷ, ಪೆಟ್ರೋಲ್ ಕಾರುಗಳ ಮೆಕ್ಯಾನಿಕ್. ಎಲೆಕ್ಟ್ರಿಕ್ ಗಾಡಿ ಬಂದರೆ ನನ್ನ ಕೆಲಸ ಹೋಗುತ್ತೆ ಅಂತಾರೆ. ಈಗಲೇ ಬೇರೆ ದಾರಿ ನೋಡಿಕೊಳ್ಳಲಾ?

ಉತ್ತರ: ಬೇಡಪ್ಪಾ, ಈ ದಾರಿಯಲ್ಲೇ ಮುಂದೆ ಹೋಗು. ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಸೈಲೆನ್ಸರ್ ಕೆಲಸ ಕಡಿಮೆಯಾಗೋದು ನಿಜ, ಸುಳ್ಳು ಸಮಾಧಾನ ಹೇಳಲ್ಲ. ಆದರೆ ಬ್ರೇಕು, ಸಸ್ಪೆನ್ಷನ್, ಸ್ಟಿಯರಿಂಗ್, ಟೈರು, ಎಸಿ ಎಲ್ಲಿಗೂ ಹೋಗಲ್ಲ. ಶಬ್ದ ಕೇಳಿಯೇ ದೋಷ ಹಿಡಿಯೋ ನಿನ್ನ ಕಿವಿಗೂ ಕೆಲಸ ಇದ್ದೇ ಇರುತ್ತೆ.

ನೀನು ಹೊಸದಾಗಿ ಕಲಿಯಬೇಕಾಗಿರೋದು ಹೈ ವೋಲ್ಟೇಜ್. ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ ಸಾಮಾನ್ಯವಾಗಿ 400 ವೋಲ್ಟ್ ಆಸುಪಾಸು, ಕೆಲವು 800. ನಿನಗೆ ಅಭ್ಯಾಸ ಇರೋದು 12. ಈ ವ್ಯತ್ಯಾಸ ಸಣ್ಣದಲ್ಲ. ಕಿತ್ತಳೆ ಬಣ್ಣದ ಕೇಬಲ್ ಅಂದರೆ ಹೈ ವೋಲ್ಟೇಜ್; ಅದು ಕಂಡರೆ, ತರಬೇತಿ ಆಗೋವರೆಗೆ ಮುಟ್ಟಬೇಡ. ತರಬೇತಿಯಲ್ಲಿ ಬ್ಯಾಟರಿ ಸಂಪರ್ಕ ಕಡಿಯೋದು, ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರೋ ಕೆಪಾಸಿಟರ್ ಖಾಲಿಯಾಗೋಕೆ ಕಂಪನಿ ಹೇಳಿದಷ್ಟು ಹೊತ್ತು ಕಾಯೋದು, ಆಮೇಲೆ ಮೀಟರ್ ಇಟ್ಟು ಸೊನ್ನೆ ಇದೆ ಅಂತ ಖಚಿತ ಮಾಡಿಕೊಳ್ಳೋದು, ಈ ಮೂರನ್ನೂ ನಿನ್ನ ಕೈಯಲ್ಲೇ ಮತ್ತೆ ಮತ್ತೆ ಮಾಡಿಸಬೇಕು. ಗೋಡೆ ಮೇಲೆ ಚಿತ್ರ ತೋರಿಸಿ ಸರ್ಟಿಫಿಕೇಟ್ ಕೊಡೋ ಕಡೆ ದುಡ್ಡು ಕಟ್ಟಬೇಡ.

ಅಲ್ಲಿವರೆಗೆ ಒಂದು ಒಳ್ಳೇ ಮಲ್ಟಿಮೀಟರ್ ತಗೊಂಡು, ಈಗ ಬರ್ತಿರೋ ಪೆಟ್ರೋಲ್ ಗಾಡಿಗಳ ವೈರಿಂಗ್ ದೋಷಗಳನ್ನೆಲ್ಲ ನೀನೇ ಕೇಳಿ ಹಾಕಿಸಿಕೋ. ಬೇರೆಯವರು ಬೇಸರಪಟ್ಟು ಬಿಟ್ಟುಬಿಡೋ ಕೆಲಸ ಅದು. ಸರ್ಕ್ಯೂಟ್ ಡಯಾಗ್ರಾಂ ಓದೋಕೆ ಅಲ್ಲೇ ಬರುತ್ತೆ, ನಾಳೆ ಎಲೆಕ್ಟ್ರಿಕ್ ಗಾಡಿ ಮುಂದೆ ನಿಂತಾಗ ಬೇಕಾಗೋದೂ ಅದೇ.